ಮ್ಯಾಚಿಂಗ್ ಮಾಮ ಮತ್ತು ಬಣ್ಣದ ಗುಂಡುಗಳು

ನನ್ನ ಸೋದರಮಾವನ ಪಾಲಿಗೆ ಈ ಲೋಕದಲ್ಲಿ ಹಸಿರು ಎಂಬ ಬಣ್ಣವೇ ಇಲ್ಲ! ಗಾಬರಿಯಾಗಬೇಡಿ. ಗಿಣಿ ಹಸಿರು ಇದೆ, ಬಾಟಲಿ ಹಸಿರು ಇದೆ, ಮೆಹಂದಿ ಹಸಿರು, ಪಿಸ್ತಾ ಹಸಿರು, ಎಳೆ ಬಾಳೆಲೆ ಹಸಿರು, ಬಾಡಿದ ಬಾಳೆಲೆ ಹಸಿರು ಎಲ್ಲವೂ ಇವೆ. ಬರೀ ಹಸಿರು ಮಾತ್ರ ಇಲ್ಲ. ಸೇಡಂ ಬಜಾರಿನಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲು, ಲಂಗದ ಬಟ್ಟೆ ಮಾರುವ ಪುಟ್ಟ ಅಂಗಡಿ. ಯಾರಾದರೂ ಸೀರೆ ತರದೆ ಬಂದು, "ಒಂದು ಹಸರು ಪೀಸ್ ಕೊಡ್ರಿ" ಅಂದರೋ, ಮುಗಿಯಿತು.

"ಯಾವ ಹಸರು ಅಂತ ಹೇಳ್ಬೇಕಲ್ರಿ ತಂಗಿ? ನೀವು ಡಾಕ್ಟರ್ ಕಡಿ ಹೋಗಿ ಒಂದು ಗುಳಿಗಿ ಕೊಡ್ರಿ ಅಂತೀರೇನು?"

ಇಷ್ಟು ಅನ್ನಿಸಿಕೊಂಡರೂ ಹೆಂಗಸರು ಅಲ್ಲಿಗೇ ಬರುತ್ತಿದ್ದರು. ವಾಡಿಯಿಂದ, ಶಹಾಬಾದಿನಿಂದ, ಚಿಂಚೋಳಿಯಿಂದ ಕೂಡ! ಯಾಕೆಂದರೆ ಮಾಮ ಸೀರೆಯ ಸೆರಗನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಐದುನೂರು ಬಟ್ಟೆಯೊಳಗಿಂದ ಒಂದನ್ನು ಎಳೆದರೆ ಅದು ಆ ಸೀರೆಯ ಒಡಹುಟ್ಟಿದ್ದೇ ಆಗಿರುತ್ತಿತ್ತು. ಅಂಥ ಕಣ್ಣಿಗೆ ಪೊರೆ ಬಂದಿತ್ತು.

ಅತ್ತೆ ದಿನಾ ಹೇಳುತ್ತಿದ್ದರು, "ಒಂದ್ಸಲ ತೋರಿಸ್ಕೊಂಡು ಬರ್ರಿ. ಆಪರೇಷನ್ ಮಾಡಿಸ್ಕೊಂಡ್ರ ಎಲ್ಲಾ ಛಲೋ ಆಗ್ತದ."

ಮಾಮನದು ಒಂದೇ ಉತ್ತರ. "ಜನ್ಮೆಲ್ಲಾ ನಾ ಅರಿವಿಗಿ ಕತ್ತರಿ ಹಚ್ಚೀನಿ. ಈಗ ನನ್ನ ಕಣ್ಣಿಗೇ ಕತ್ತರಿ ಹಚ್ಚಸ್ಲೇನು? ನನಗೆಲ್ಲಾ ಕಾಣ್ತದ!"

ಇಂಥ ಮನುಷ್ಯನ ಕೈಗೆ ವಿಡಿಯೋ ಗೇಮ್ ಕೊಟ್ಟ ಪಾಪ ನನ್ನದು. ನಾನು ಚಿತ್ತಾಪುರದಲ್ಲಿ ಶಾಲಾ ಶಿಕ್ಷಕಿ. ಮಗಳು ಆಡಿ ಬೇಸತ್ತು ಬಿಸಾಕಿದ, ಅಂಗೈಯಗಲದ ಒಂದು ಗೇಮಿನ ಡಬ್ಬಿ ಮನೆಯಲ್ಲಿ ಬಿದ್ದಿತ್ತು. ಮೇಲಿನಿಂದ ಬಣ್ಣಬಣ್ಣದ ಗುಂಡುಗಳು ಬೀಳುತ್ತವೆ. ಒಂದೇ ಬಣ್ಣದ ಮೂರು ಒಟ್ಟಿಗೆ ಸೇರಿಸಿದರೆ ಮಾಯ. ಸೇರಿಸದೆ ಬಿಟ್ಟರೆ ರಾಶಿ ಮೇಲಕ್ಕೆ ಮುಟ್ಟಿ ಆಟ ಖಲಾಸ್. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕಾಲಹರಣಕ್ಕಾಗಲಿ ಎಂದು ತಂದುಕೊಟ್ಟೆ.

ಮಾಮ ಮೊದಲು ಮಾಡಿದ್ದೇನು ಗೊತ್ತೇ? ಡಬ್ಬಿಯನ್ನು ಹಿಡಿದುಕೊಂಡು ಎದ್ದು ರಸ್ತೆಗೆ ಇಳಿದರು! ಬಟ್ಟೆಯ ಬಣ್ಣವನ್ನು ಅಂಗಡಿಯ ದೀಪದಲ್ಲಿ ನಂಬಬಾರದು, ಬಿಸಿಲಿಗೆ ಹಿಡಿದು ನೋಡಬೇಕು ಎನ್ನುವುದು ಅವರ ವ್ಯಾಪಾರದ ಮೊದಲ ಪಾಠ. ಸೇಡಮ್ಮಿನ ಏಪ್ರಿಲ್ ಬಿಸಿಲಿನಲ್ಲಿ ಆ ಪುಟ್ಟ ಪರದೆ ಏನು ತೋರಿಸೀತು? ಅವರ ಮುಖವನ್ನೇ ತೋರಿಸಿತು.

"ಮಾಲು ಕಚ್ಚಾ ಅದವ್ವಾ. ಬಿಸಲಿಗಿ ಹಿಡದ್ರ ಬಣ್ಣೇ ನಿಂದ್ರಲ್ಲ," ಎಂದು ತೀರ್ಪು ಕೊಟ್ಟರು.

ಒಳಗೆ ಕೂರಿಸಿ ಕಲಿಸಿದೆ. ಮೂರು ಕೆಂಪು ಗುಂಡು ಸೇರಿ ಮಾಯವಾದವು. ಮಾಮ ಹೌಹಾರಿದರು.

"ಎಲ್ಲಿ ಹೋದ್ವು?"

"ಮ್ಯಾಚ್ ಆದ್ವಲ್ರಿ ಮಾಮ, ಅದಕ್ಕೇ ಹೋದ್ವು."

"ಮ್ಯಾಚ್ ಆಗಿದ್ದೇ ಹೋದ್ರ ಗಿರಾಕಿಗಿ ಏನ್ ಕೊಡ್ಲಿ? ಮ್ಯಾಚ್ ಆಗಲಾರದ್ದು ರಾಶಿ ಬೀಳಾಕತ್ತದಲ್ಲ! ಯಾವ ಹುಚ್ಚ ನಡಸ್ತಾನ ಈ ದುಕಾನು?"

ಆ ಹುಚ್ಚನ ಅಂಗಡಿಯಲ್ಲಿ ಮಾಮ ಹದಿನೈದು ದಿನದಲ್ಲಿ ಕಾಯಂ ನೌಕರರಾದರು. ಬೆಳಿಗ್ಗೆ ಮೊದಲ ಮೂರು ಗುಂಡು ಮಾಯವಾದರೆ ಅದೇ ಬೋಣಿಗೆ, ಡಬ್ಬಿಯನ್ನು ಕಣ್ಣಿಗೊತ್ತಿಕೊಳ್ಳುವುದು. ಎದುರಿಗೆ ಟೇಲರ್ ಚಾಚಾ ಅವರ ಹೊಲಿಗೆ ಅಂಗಡಿ. ಅಲ್ಲಿಂದಲೇ ಅವರು ಕೂಗಬೇಕಾಗುತ್ತಿತ್ತು, "ಸಾವ್ಕಾರ್, ಜರಾ ತಲಿ ಎತ್ರಿ! ಬಾಯಾರು ಬಂದು ಅರ್ಧಾ ತಾಸಾತು!"

"ಐದು ಮಿಂಟ್ ತಡೀರಿ ಚಾಚಾ, ಇಲ್ಲಿ ಗದ್ಲ ಭಾಳ ಅದ!"

ಗದ್ದಲವಂತೆ! ಅಂಗಡಿಯಲ್ಲಿ ಇದ್ದದ್ದು ಆ ಹೆಂಗಸು ಒಬ್ಬಳೇ.

ಒಂದು ದಿನ ಆದಿತ್ಯನಗರದ ಹೆಣ್ಣುಮಗಳೊಬ್ಬಳು ಬಾಟಲಿ ಹಸಿರು ಸೀರೆಯನ್ನೂ ಅದಕ್ಕೆ ಮಾಮ ಕೊಟ್ಟ ಕಪ್ಪು ಫಾಲನ್ನೂ ತಂದು ಗಲ್ಲೆಯ ಮೇಲಿಟ್ಟಳು. ನಾನೂ ಅತ್ತೆಯೂ ಅಲ್ಲೇ ಇದ್ದೆವು. ಕುರುಡನಿಗೂ ತಿಳಿಯುವಷ್ಟು ವ್ಯತ್ಯಾಸ. ಮಾಮ ಒಪ್ಪಿಕೊಂಡರೇ?

"ಫಾಲ್ ಬರೋಬ್ಬರಿ ಅದ. ನಿಮ್ಮ ಸೀರೀನೇ ಬಣ್ಣ ಬಿಟ್ಟದ. ಯಾವ ಸಾಬೂನು ಹಚ್ಚೀರಿ?"

"ಇನ್ನಾ ಉಟ್ಟೇ ಇಲ್ರಿ ಕಾಕಾ!"

"ಹಂಗಾದ್ರ ಇಟ್ಟಲ್ಲೇ ಬಿಟ್ಟದ!"

ಆಕೆ ಹೋದ ಮೇಲೆ ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇನ್ನು ನಾಲ್ಕು ಫಾಲು ಹೀಗೆ ವಾಪಸು ಬಂದರೆ ಮಾಮನ ಹೆಸರು ಮಣ್ಣುಪಾಲು. ಹೆಸರು ಹೋದ ಮೇಲೆ ಮಾಮನಲ್ಲಿ ಉಳಿಯುವುದಾದರೂ ಏನು? ಆದರೆ ಅವರ ಬಳಿ ಈಗ ಹೊಸ ಸರ್ಟಿಫಿಕೇಟು ಇತ್ತು. ಆಪರೇಷನ್ ಎಂದೊಡನೆ ಡಬ್ಬಿ ಮುಂದಕ್ಕೆ ಬರುತ್ತಿತ್ತು. "ಸ್ಕೋರ್ ನೋಡ್ರಿ! ಬಣ್ಣ ಕಾಣಲಾರದೇ ಇಷ್ಟ್ ಆಗ್ತದೇನು?"

ನೋಡಿದೆ. ನನ್ನ ಮಗಳ ಜನ್ಮದಲ್ಲಿ ಆಗದ ಸ್ಕೋರು! ಕೊಟ್ಟವಳೂ ನಾನೇ, ಬಾಯಿ ಮುಚ್ಚಿಕೊಂಡವಳೂ ನಾನೇ.

ಊರಲ್ಲಿ ಕಣ್ಣಿನ ಶಿಬಿರ ಬಂದಾಗ ಅತ್ತೆ ಊಟ ಬಿಟ್ಟು ಹಟ ಹಿಡಿದರು. ಮಾಮ ಬಂದರು, ಡಬ್ಬಿ ಸಮೇತ! ಚಿಕ್ಕ ವಯಸ್ಸಿನ ಡಾಕ್ಟರಮ್ಮ ಗೋಡೆಯ ಅಕ್ಷರ ಓದಿ ಎಂದರೆ, ಇವರು, "ಅದೆಲ್ಲಾ ಸಾಲಿ ಹುಡುಗರಿಗಿ ತೋರಸ್ರಿ. ನಾ ಇದನ್ನ ಆಡಿ ತೋರಸ್ತೀನಿ," ಎಂದು ಎಲ್ಲರೆದುರು ಆಡತೊಡಗಿದರು. ಗುಂಡುಗಳು ಮೂರು ಮೂರಾಗಿ ಮಾಯವಾದವು. ಸಾಲಿನಲ್ಲಿದ್ದ ಮುದುಕರು ಶಹಬ್ಬಾಸ್ ಅಂದರು.

ಡಾಕ್ಟರಮ್ಮ ಬಗ್ಗಿ ನೋಡಿ, ಒಂದು ಗುಂಡಿನ ಮೇಲೆ ಬೆರಳಿಟ್ಟರು. "ಇದು ಯಾವ ಬಣ್ಣ ಅಜ್ಜಾರ?"

"ಚಿಕ್ಕಿ."

"ಚಿಕ್ಕಿ ಬಣ್ಣ ಅಲ್ರಿ. ಬಣ್ಣ ಹೇಳ್ರಿ."

ಮಾಮ ಡಬ್ಬಿಯನ್ನು ಮೂಗಿನವರೆಗೂ ತಂದರು. ಆಗ ನಾನೂ ಡಬ್ಬಿಯನ್ನು ಹತ್ತಿರ ಹಿಡಿದು ನೋಡಿದೆ. ಒಂದೊಂದು ಬಣ್ಣದ ಗುಂಡಿನ ಮೇಲೂ ಒಂದೊಂದು ಬಿಳಿ ಗುರುತು ಇತ್ತು. ಕೆಂಪಿನ ಮೇಲೆ ಹೂವು, ನೀಲಿಯ ಮೇಲೆ ಚಿಕ್ಕಿ, ಅಂದರೆ ನಕ್ಷತ್ರ, ನೇರಳೆಯ ಮೇಲೆ ಚಂದ್ರ. ಮಾಮ ಇಷ್ಟು ದಿನ ಬಣ್ಣ ನೋಡಿ ಆಡಿರಲೇ ಇಲ್ಲ. ಹಸಿರಿಗೆ ಹತ್ತಾರು ಹೆಸರು ಹೇಳುತ್ತಿದ್ದ ಮನುಷ್ಯ ಚಿಕ್ಕಿ, ಹೂವು ಹುಡುಕುತ್ತ ಕೂತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹೊರಗೆ ಬೇವಿನ ಮರದಡಿ ಮಾಮ ಮೆಲ್ಲಗೆ ಹೇಳಿದರು, "ನೀಲಿ, ನೇರಳಿ ಎರಡೂ ಒಂದೇ ಕಾಣ್ತಾವವ್ವಾ. ಭಾಳ ದಿನಾತು. ಆಪರೇಷನ್ ಮಾಡಿಸಿದ್ ಮ್ಯಾಲ ಭೀ ಹಂಗೇ ಕಂಡ್ರ? ಈಗ ಪೊರಿ ಅದ ಅನ್ಲಿಕ್ಕರ ಬರ್ತದ. ಆಮ್ಯಾಲ ಏನ್ ಹೇಳ್ಲಿ?"

ಇಷ್ಟು ದಿನ ಹಟಮಾರಿ ಎಂದು ಬೈದಿದ್ದೆ. ಮನುಷ್ಯ ಹೆದರಿಕೊಂಡಿದ್ದಾರೆ ಎಂದು ಹೊಳೆದೇ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ನಾನು ಜೊತೆಗೆ ನಿಂತು ಒಪ್ಪಿಸಿದ ಮೇಲೆ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಮರುದಿನ ನರ್ಸ್ ಪಟ್ಟಿ ತೆಗೆಯುವಾಗ ಅತ್ತೆ ಮಂಚದ ಎದುರಿಗೇ ನಿಂತಿದ್ದರು. ಮಾಮ ಕಣ್ಣು ಮಿಟುಕಿಸಿದರು. ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡುತ್ತಲೇ ಅವರ ಹುಬ್ಬು ಗಂಟಿಕ್ಕಿತು.

"ಸೀರಿ ಆನಂದ ನೀಲಿ ಅದ. ಜಂಪರ್ ಬದನಿಕಾಯಿ ಬಣ್ಣದ್ದು. ಇದ್ಯಾರು ಕೊಟ್ರು ನಿನಗ?"

ಕಂಡಿತು! ಸೀರೆಯ ನೀಲಿ, ಬ್ಲೌಸಿನ ನೇರಳೆ ಬೇರೆ ಬೇರೆಯಾಗಿ ಕಂಡವು! ನಾನು ಕೂಗಿಯೇಬಿಟ್ಟೆ. ಆದರೆ ಅತ್ತೆ ತಲೆ ತಗ್ಗಿಸಿದರು.

"ನೀವೇ ಕೊಟ್ಟಿದ್ರಿ. ಹೋದ ವರ್ಷ ಪಂಚಮಿಗಿ."

"ಇದನ್ನ ಹಾಕ್ಕೊಂಡು ಎಲ್ಲೆಲ್ಲಿ ಹೋಗಿದ್ದಿ?"

"ಎಲ್ಲಾ ಕಡಿ ಹೋಗೀನಿ. ಲಗ್ನಕ್ಕ, ನಾಮಕರಣಕ್ಕ, ಬಜಾರಕ್ಕ."

"ಮ್ಯಾಚಿಂಗ್ ಸೆಂಟರ್‌ನವನ ಹೆಂಡ್ತಿ ಅಂತ ಮಂದಿ ನಗ್ಲಿಲ್ಲೇನು?"

"ನಕ್ರು."

"ಮತ್ಯಾಕ ಹಾಕ್ಕೊಂಡಿ?"

"ಬಿಟ್ಟಿದ್ರ ಯಾಕ ಬಿಟ್ಟಿ ಅಂತ ಕೇಳ್ತಿದ್ರಿ. ನಾ ಏನಂತ ಹೇಳ್ಲಿ?"

ಮಾಮನ ಆಪರೇಷನ್ ಆದ ಕಣ್ಣಿನಲ್ಲೇ ನೀರು ತುಂಬಿತು. ಅತ್ತೆ ಗಾಬರಿಯಿಂದ ಹತ್ತಿರ ಬಂದು, "ಅಳಬ್ಯಾಡ್ರಿ, ಕಣ್ಣಿಗಿ ನೀರು ತಾಕಬಾರ್ದು ಅಂದಾರ ಡಾಕ್ಟ್ರು," ಎನ್ನುತ್ತ, ತಾವೂ ಅಳತೊಡಗಿದರು.