ಹುಡುಕಿದರೂ ಸಿಗದ ಜಿಪ್ಪು

ನಮ್ಮ ಚಿಗವ್ವ ಹೊಲಿದ ಬಟ್ಟೆ ಹಾಕಿಕೊಳ್ಳುವುದು ಸುಲಭ. ಬಿಚ್ಚಬೇಕೆಂದರೆ ಮಾತ್ರ ಮಸ್ಕಿಗೇ ಹೋಗಬೇಕು! ಅವ್ವನ ಈ ತಂಗಿಗೆ ಮಸ್ಕಿಯಲ್ಲಿ ಒಂದು ಹೊಲಿಗೆ ಮಿಷನ್ನು, ಒಬ್ಬ ಗಂಡ, ಜೊತೆಗೊಂದು ಹುಚ್ಚು: ತಾನು ಹಚ್ಚಿದ ಜಿಪ್ಪು ಯಾರ ಕಣ್ಣಿಗೂ ಬೀಳಬಾರದು.

ಲಿಂಗಸುಗೂರಿನಿಂದ ಬಟ್ಟೆಯ ಬಣ್ಣದ್ದೇ ಜಿಪ್ಪು ತರಿಸುವಳು. ಅದರ ಹಲ್ಲುಗಳನ್ನು ಇಸ್ತ್ರಿಯಿಂದ ಮಲಗಿಸಿ, ಹಲ್ಲಿನ ಬುಡಕ್ಕೇ ಹೊಲಿಗೆ ಹಾಕುವಳು. ಆಮೇಲೆ ಬಂದವರ ಮುಂದೆಲ್ಲ ಬಟ್ಟೆ ಹರಡಿ ಸವಾಲು: "ಜಿಪ್ಪು ಎಲ್ಲೈತಿ ಹೇಳ್ರಿ ನೋಡೂಣು!" ಹಾಲು ಹಾಕಲು ಬಂದವನನ್ನೂ ಬಿಟ್ಟವಳಲ್ಲ. ಯಾರಾದರೂ ಕಂಡುಹಿಡಿದರೋ, ಅಂದು ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ!

ನನಗೊಂದು ಚೂಡಿದಾರ ಹೊಲಿದು, ತಾನೇ ತೊಡಿಸಿ, ಸಿಂಧನೂರಿನ ಬಸ್ಸು ಹತ್ತಿಸಿದಳು. ಮನೆಗೆ ಬಂದು ಬಿಚ್ಚಲು ಹೋದರೆ ಜಿಪ್ಪೇ ಇಲ್ಲ! ಅವ್ವ ಹೇನು ಹುಡುಕಿದಂತೆ ನನ್ನ ಬೆನ್ನೆಲ್ಲ ಹುಡುಕಿ ಸೋತಳು. ಅದರಲ್ಲೇ ಮಲಗೆದ್ದು ಮತ್ತೆ ಮಸ್ಕಿಗೆ ಓಡಿದೆ. ಚಿಗವ್ವ ಕುಣಿದಾಡಿದಳು. "ನಿಮ್ಮವ್ವಗೂ ಸಿಗ್ಲಿಲ್ಲೇನಬೇ?"

ಕಳ್ಳರಿಗೆ ಸಿಗಬಾರದೆಂದು ಚಿಗಪ್ಪನ ಕೈಚೀಲಕ್ಕೂ ಜಿಪ್ಪು ಅಡಗಿಸಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟಿಗೆ ಕೈಯೊಡ್ಡಿ ನಿಂತಿದ್ದಾನೆ, ಚಿಗಪ್ಪ ಚೀಲ ತಿರುಗಿಸುತ್ತಲೇ ಇದ್ದಾನೆ.

"ಹಿರ್ಯಾರ, ಚೀಲಕ್ಕ ಬಾಯಿ ಇಲ್ಲೇನ್ರಿ?"

"ಬಾಯೆಲ್ಲಾ ಹೊಲ್ದಾಕಿಗೇ ಐತಪಾ!"

ನನ್ನ ಮದುವೆ ಗೊತ್ತಾದ ವರ್ಷ ಅವ್ವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅವಳ ಕುಪ್ಪಸದ ಹುಕ್ಕು ದಿನಾ ನಾನೇ ಹಾಕುತ್ತಿದ್ದೆ. ಆಗೆಲ್ಲ ಅವಳು ಗೋಡೆಯತ್ತ ಮುಖ ಮಾಡುತ್ತಿದ್ದಳು. "ಮಂದಿ ಕೈಲೆ ಕುಬ್ಸ ಹಾಕಿಸ್ಕೊಂಡು ಹಂದರದಾಗ ನಿಂದ್ರೂದು ಬ್ಯಾಡ. ನಾ ಒಳಗ ಇರ್ತೀನಿ," ಎಂದು ಹಟ ಹಿಡಿದಳು. ಅವ್ವ ಹಾಕದ ಅಕ್ಷತೆ ಕಟ್ಟಿಕೊಂಡು ನನಗೇನಾಗಬೇಕಿತ್ತು?

ಚಿಗವ್ವ ಬಂದು ಅವ್ವನ ಅಳತೆ ತೆಗೆದುಕೊಂಡು ಹೋದಳು. ಅವಳು ತಂದ ಹೊಸ ಕುಪ್ಪಸದ ಮುಂದೆ ಹುಕ್ಕುಗಳ ಸಾಲೇನೋ ಇತ್ತು, ಆದರೆ ಅದು ಬರೀ ತೋರಿಕೆಗೆ. ಅದರ ಮರೆಯಲ್ಲಿ ಜಿಪ್ಪು! ತಲೆಯ ಮೇಲಿಂದ ತೊಟ್ಟು ಎಡಗೈ ಒಂದರಿಂದಲೇ ಕೆಳಗೆಳೆದರೆ ಮುಚ್ಚುವಂತೆ ತಲೆಕೆಳಗಾಗಿ ಕೂರಿಸಿದ್ದಳು.

ಮದುವೆಯ ಬೆಳಿಗ್ಗೆ ಅವ್ವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಚಿಗವ್ವ, ನಾನು ಬಾಗಿಲಿಗೆ ಕಿವಿಕೊಟ್ಟು ನಿಂತೆವು. ಬಹಳ ಹೊತ್ತಿನ ಮೇಲೆ ಅವ್ವ ಕುಪ್ಪಸವನ್ನು ತಾನೇ ತೊಟ್ಟು ಹೊರಬಂದಳು. ಸೆರಗು ಸರಿಮಾಡಲು ಬಂದ ಬೀಗತಿ ಅಲ್ಲೇ ನಿಂತುಬಿಟ್ಟರು.

"ಯಾರು ಹೊಲ್ದಾರ್ರೀ ಇದನ್ನ? ಹುಕ್ಕ ಎಷ್ಟು ಚಂದ ಸಾಲ ಹಿಡಿದು ಹಚ್ಯಾರ!"

"ನಾನ್ರಿ," ಎಂದಳು ಚಿಗವ್ವ. ಮುಗಿಯಿತು, ಇನ್ನು ಸವಾಲು ಹಾಕಿಯೇ ಬಿಡುತ್ತಾಳೆ ಎಂದುಕೊಂಡೆ. ಚಿಗವ್ವ ಮುಂದೆ ಬಂದು ಅವ್ವನ ಸೆರಗನ್ನು ತಾನೇ ಎಳೆದು ಹೊದಿಸಿದಳು.

"ನನಗ ಹುಕ್ಕ ಬಿಟ್ರ ಬ್ಯಾರೆ ಏನೂ ಹಚ್ಚಾಕ ಬರಂಗಿಲ್ರಿ."

ಆ ಸುಳ್ಳಿಗೆ ಅವಳನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು. ಅಷ್ಟರಲ್ಲಿ ಅವ್ವ ಎಡಗೈ ತುಂಬ ಅಕ್ಷತೆ ಹಿಡಿದು ಹಂದರದ ನಟ್ಟನಡುವೆ ಹೋಗಿ ನಿಂತಿದ್ದಳು.