ಡೈರಿ ಪಕ್ಕದ ಪದದ ಇಸ್ಕೂಲು

ಮಕ್ಕಳಿಗೆ ಪದ ಹೇಳಿಕೊಡುವವಳು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ಸಂಜೆಗೊಂದು ಪ್ರಸಂಗ ತಾನಾಗಿ ನಡೆಯುತ್ತದೆ. ಕ್ಯಾತನಹಳ್ಳಿ ಕಡೆಯ ನಮ್ಮೂರಲ್ಲಿ, ಹಾಲಿನ ಡೈರಿಯ ಪಕ್ಕದ ಕೋಣೆಯಲ್ಲಿ, ಶಾಲೆ ಬಿಟ್ಟ ಮೇಲೆ ನಾನು ಸೋಬಾನೆ, ತತ್ವಪದ ಕಲಿಸುತ್ತೇನೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಓದು ನಾನೇ ಕಲಿತದ್ದು, ಪದ ಅಜ್ಜಿ ಕೊಟ್ಟದ್ದು. ಅಜ್ಜಿಯ ಕಟ್ಟಳೆ ಒಂದೇ: ಮುಂದೆ ನಿಂತವರು ಒಂದು ಸೊಲ್ಲು ಹೇಳಿದರೆ ಎದುರು ಕೂತವರು ಅದನ್ನೇ ರಾಗವಾಗಿ ತಿರುಗಿ ಹೇಳಬೇಕು. ಯಾಕೆ ಏನು ಅನ್ನುವಂತಿಲ್ಲ. ಬದಲಾಯಿಸು ಅಂದವರು ಬಹಳ ಮಂದಿ. ನಾನು ಬದಲಾಯಿಸಲಿಲ್ಲ.

ಮೂಗು

ಜೀವ ದೇಹ ಬಿಟ್ಟು ಹೊರಡುವ ಪದ ನಡೆದಿತ್ತು. ಮುಂದೆ ಕೂತ ಹುಡುಗನ ಮೂಗು ಸುರಿಯುತ್ತಿತ್ತು. ರಾಗ ಕೆಡಿಸದೆ, "ಲೇ, ಮೂಗ ಒರೆಸ್ಕೊಳ್ಳಲಾ" ಅಂದೆ. ಎಲ್ಲರೂ ಕಣ್ಣು ಮುಚ್ಚಿ, ಭಕ್ತಿಯಿಂದ, "ಲೇ, ಮೂಗ ಒರೆಸ್ಕೊಳ್ಳಲಾ" ಎಂದು ಎತ್ತಿದರು. ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಮುದುಕರೊಬ್ಬರು ಕಣ್ಣೊರೆಸಿಕೊಂಡು, "ಎಂಥಾ ಅರ್ಥ ಮಡಗವ್ರೆ ಕಣವ್ವ ಹಿಂದಿನೋರು!" ಅಂದರು.

ಆಟೋ

ಶ್ರೀರಂಗಪಟ್ಟಣಕ್ಕೆ ಆಟೋ ಓಡಿಸುವ ಭಾಯಿ ಮಗಳನ್ನು ಕರೆದೊಯ್ಯಲು ಬಂದು, ಮಕ್ಕಳ ಮುಂದೆ ನಿಂತು, "ಬೇಟಿ, ಚಲೋ" ಅಂದರು. ಅಷ್ಟೂ ಮಕ್ಕಳು "ಬೇಟಿ, ಚಲೋ" ಎಂದು ಹಾಡುತ್ತಲೇ ಎದ್ದು ಅವರ ಹಿಂದೆ ಹೊರಟರು. ಭಾಯಿ ಆಟೋಗೆ ಅಡ್ಡ ನಿಂತು ಕೂಗಿದರು: "ಅಕ್ಕಾ, ನಂದು ಒಂದೇ! ಮಿಕ್ಕಿದ್ದು ವಾಪಸ್ ತಗೊಳ್ಳಿ!"

ಅಧ್ಯಕ್ಷರು

ಹಾಲು ತಂದವರು ಪದ ಕೇಳುತ್ತ ನಿಂತುಬಿಡುತ್ತಾರೆ, ಹಾಲಿನ ಲಾರಿ ತಡವಾಗುತ್ತದೆ ಅಂತ ಡೈರಿ ಅಧ್ಯಕ್ಷರಿಗೆ ಸಿಟ್ಟು. ಕೋಣೆ ಡೈರಿಯದೇ. ಅದು ಹೋದರೆ ನನ್ನ ಇಸ್ಕೂಲೇ ಹೋದಂತೆ, ಊರಲ್ಲಿ ಬೇರೆ ಜಾಗವಿಲ್ಲ. ಒಂದು ಸಂಜೆ ಅಧ್ಯಕ್ಷರು ಪದದ ನಡುವೆಯೇ ನುಗ್ಗಿ, ಮಕ್ಕಳ ಮುಂದೆ ನಿಂತು, "ನಾಳಿಂದ ಕೋಣೆ ಖಾಲಿ ಮಾಡ್ಬೇಕು" ಅಂದರು.

ಮುಂದೆ ನಿಂತವರ ಸೊಲ್ಲಲ್ಲವೇ? ಮಕ್ಕಳು ಎತ್ತಿಕೊಂಡರು: "ನಾಳಿಂದ ಕೋಣೆ ಖಾಲಿ ಮಾಡ್ಬೇಕು..."

"ಏಯ್, ಸುಮ್ಕಿರ್ರಲಾ!"

"ಏಯ್, ಸುಮ್ಕಿರ್ರಲಾ..."

ಹೊರಗೆ ಸಾಲಿನಲ್ಲಿದ್ದವರು ಕ್ಯಾನಿನ ಮುಚ್ಚಳದಲ್ಲಿ ತಾಳ ಹಾಕತೊಡಗಿದರು. ಅಧ್ಯಕ್ಷರು ದನಿ ಏರಿಸಿದಷ್ಟೂ ಮಕ್ಕಳ ಶ್ರುತಿ ಏರಿತು. ಕೊನೆಗೆ ಬೆವರು ಒರೆಸಿಕೊಂಡು, "ಅಯ್ಯೋ, ಇಲ್ಲೇ ಇರ್ಲಿ ಬುಡಿ!" ಅಂದರು.

"ಇಲ್ಲೇ ಇರ್ಲಿ ಬುಡಿ!" ಮಕ್ಕಳೂ ಹೇಳಿದರು, ಹಾಲಿನ ಸಾಲೂ ಹೇಳಿತು.

ನಾನು ಎದ್ದು ಕೈ ಮುಗಿದೆ. "ಅಧ್ಯಕ್ಷರೇ, ಸೊಲ್ಲು ಬಿತ್ತು, ಊರೇ ಎತ್ತಿತು. ಇನ್ನು ಹಿಂದಕ್ಕೆ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ."

ಮಾರನೆಯ ಸಂಜೆ ಅಧ್ಯಕ್ಷರ ಹೆಂಡತಿ ಬಂದು ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಏನಕ್ಕಾ ಅಂದೆ.

"ಮದ್ವೆ ಆದಾಗಿಂದ ಒಂದ್ ಕಿತವೂ ಅವರ ಬಾಯಲ್ಲಿ 'ಇರ್ಲಿ ಬುಡಿ' ಅನ್ಸಕ್ಕೆ ನನ್ ಕೈಲಿ ಆಗ್ನಿಲ್ಲ ಕಣವ್ವ. ಅದೇನ್ ಪದವೋ, ನಂಗೂ ಕಲ್ಸು."