ಸತ್ತವರ ಸಮಾಚಾರ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ ಎಂದು ನಾನು ಬಹುಕಾಲ ನಂಬಿದ್ದೆ. ಎದುರು ಮನೆಯವರು ಕಾರು ಕೊಂಡಾಗ, ಜೊತೆಯ ಮೇಷ್ಟ್ರಿಗೆ ಶಾಲು ಹೊದಿಸಿ ಹಾರ ಹಾಕಿದಾಗ, ಅರವತ್ತು ದಾಟಿದ ಮೇಲೂ ಷಡ್ಡಕನ ತಲೆಯಲ್ಲಿ ಕೂದಲು ಉಳಿದಾಗ ಹೊಟ್ಟೆ ಉರಿದರೆ ಅದು ನ್ಯಾಯವಾದ ಉರಿ. ಕಣ್ಣಿಗೆ ಕಾಣುವ ಕಾರಣವಿದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಆದರೆ ಕಣ್ಣಿಗೇ ಕಾಣದ ಒಬ್ಬ ಗಂಡಸು, ಬರೀ ಧ್ವನಿಯಾಗಿ ನನ್ನ ಅಡುಗೆಮನೆಗೆ ನುಗ್ಗಿ, ನನ್ನ ಹೆಂಡತಿಯನ್ನು ನಗಿಸಿ, ಅದೂ ಚರಿತ್ರೆ ಹೇಳಿ ನಗಿಸಿ ಹೋದರೆ ಯಾರ ಹತ್ತಿರ ದೂರು ಕೊಡುವುದು? ಈ ವಯಸ್ಸಿನಲ್ಲಿ ಇಂಥದೊಂದು ಸಂಕಟ ನನಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನಾನು ಚರಿತ್ರೆಯ ಮೇಷ್ಟ್ರು. ಗೌರಿಬಿದನೂರಿನ ಕಡೆ ನಗರಗೆರೆಯಲ್ಲಿ ಕೆಲಸಕ್ಕೆ ಸೇರಿ, ಚಿಂತಾಮಣಿ ಸುತ್ತಿ, ಕೊನೆಗೆ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಿವೃತ್ತನಾದವನು. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. ನನ್ನ ಪಾಠಕ್ಕೆ ಒಂದು ಕ್ರಮವಿತ್ತು. ಮೊದಲು ಕಾರಣಗಳು, ಆಮೇಲೆ ಘಟನೆಗಳು, ಕೊನೆಗೆ ಪರಿಣಾಮಗಳು. ಪ್ರಪಂಚದ ಯಾವ ಯುದ್ಧವನ್ನಾದರೂ ತನ್ನಿ, ಈ ಮೂರು ಡಬ್ಬಿಗಳಲ್ಲಿ ತುಂಬಿ, ಮುಚ್ಚಳ ಹಾಕಿ ನಿಮ್ಮ ಕೈಗೆ ಕೊಡುತ್ತಿದ್ದೆ. ಮಕ್ಕಳು ಸದ್ದಿಲ್ಲದೆ ಕೇಳುತ್ತಿದ್ದರು. ಅದು ಏಕಾಗ್ರತೆಯ ಸದ್ದಿಲ್ಲದಿರುವಿಕೆ ಎಂದು ನಾನು ತಿಳಿದುಕೊಂಡಿದ್ದೆ. ಹೆಂಡತಿ ವನಜಾಕ್ಷಿಗೂ ಇದೇ ಕ್ರಮದಲ್ಲಿ ಹೇಳಿ ನೋಡಿದ್ದುಂಟು. ಮದುವೆಯಾದ ಹೊಸತರಲ್ಲಿ ಅವಳ ತವರು ಸಾದಲಿಯಿಂದ ಬರುವಾಗ ದಾರಿಯ ಪಕ್ಕದ ಒಂದು ವೀರಗಲ್ಲು ತೋರಿಸಿ, "ನೋಡು, ಇದು ದನಗಳನ್ನು ಕಾಯಲು ಹೋಗಿ ಸತ್ತವನ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ಒಟ್ಟು ಮೂರು ಹಂತ" ಎಂದು ವಿವರಿಸಿದ್ದೆ. ಅವಳು ಗಮನವಿಟ್ಟು ಕೇಳಿ, "ಬಸ್ ಬಂತು" ಎಂದಳು. ಅಲ್ಲಿಂದಾಚೆಗೆ ನಮ್ಮ ದಾಂಪತ್ಯದಲ್ಲಿ ಚರಿತ್ರೆಯ ಮಾತು ಹೆಚ್ಚಾಗಿ ಬೆಳೆಯಲಿಲ್ಲ.

ಹೀಗಿರುವಾಗ ಕಳೆದ ಅವರೆಕಾಯಿ ಕಾಲದಲ್ಲಿ ಒಂದು ದಿನ ಅವಳು ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದಳು. ಪಕ್ಕದಲ್ಲಿ ಫೋನು. ಅದರೊಳಗಿಂದ ಒಬ್ಬ ಗಂಡಸು ಮಾತಾಡುತ್ತಿದ್ದ. ವನಜಾಕ್ಷಿ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಭರಕ್ಕೆ ಬೆರಳ ನಡುವಿನ ಕಾಳು ಸಿಪ್ಪೆ ಬಿಟ್ಟು ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. "ಏನದು?" ಎಂದೆ. "ರೀ, ಸುಮ್ನಿರಿ. ಹಸು ಕಥೆ ಈಗ ತಾನೆ ಶುರುವಾಗ್ತಾ ಇದೆ" ಎಂದಳು. ಯಾವ ಹಸು ಎಂದು ನಾನೂ ಕಿವಿಗೊಟ್ಟೆ.

"ಸಾದಲಿ ದಾರೀಲಿ ವೀರಗಲ್ಲಿದೆಯಲ್ಲ, ಆ ಊರ ದನ ಎಲ್ಲಾ ಕಳ್ಳರು ಹೊಡ್ಕೊಂಡು ಹೊರಟ್ರು," ಎನ್ನುತ್ತಿತ್ತು ಧ್ವನಿ. "ಎಲ್ಲಾ ದನ ಓಡ್ತು. ಒಂದು ಕಂದು ಹಸು ಮಾತ್ರ ನಿಂತ್ಕೊಂಡ್ತು. ಯಾಕೆ? ದೇಶಭಕ್ತಿನಾ? ಅಲ್ಲ ಸ್ವಾಮಿ, ಬಾಯಲ್ಲಿ ಇನ್ನೂ ಹುಲ್ಲಿತ್ತು. ಕಳ್ಳ ಬಾಲ ತಿರುಚ್ದ. ಹಸು ತಿರುಗಿ ನೋಡ್ತು. ನಮ್ಮ ಮನೇಲಿ ಊಟದ ಮಧ್ಯೆ ಎಬ್ಬಿಸಿದ್ರೆ ನಮ್ಮತ್ತೆ ನೋಡ್ತಾರಲ್ಲ, ಹಂಗೆ." ನನಗೆ ಮೈ ಉರಿದುಹೋಯಿತು. ಅದು ನನ್ನ ವೀರಗಲ್ಲು. ಅದೇ ಸಾದಲಿಯ ದಾರಿ, ಅದೇ ಮೂರು ಹಂತ. ನಾನು ಶಿವನ ಸನ್ನಿಧಿಯವರೆಗೆ ಕರೆದುಕೊಂಡು ಹೋದರೂ ಬಸ್ಸು ನೋಡಿದವಳು, ಈಗ ಒಂದು ಹಸುವಿಗಾಗಿ ಅವರೆಕಾಳು ಬಿಟ್ಟು ಕೂತಿದ್ದಾಳೆ! ಕಥೆಯ ಕೊನೆಯಲ್ಲಿ ವೀರ ಸತ್ತ. ಹಸು ಊರಿಗೆ ಮರಳಿತು. ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಹಸುವಿಗೆ ಆಧಾರ ಎಲ್ಲಿದೆ? ಕಂದು ಬಣ್ಣ ಅಂತ ಕಲ್ಲಿನಲ್ಲಿ ಬರೆದಿದೆಯೇ?" ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ನೋಟ ಆ ಹಸುವಿನದೇ.

ಆ ಧ್ವನಿಯ ಕಾರ್ಯಕ್ರಮದ ಹೆಸರು 'ಸತ್ತವರ ಸಮಾಚಾರ'. ಪಾಡ್‌ಕಾಸ್ಟ್ ಅಂತೆ. ವಾರಕ್ಕೊಂದು ಕಂತು. ಮರುದಿನ ಹಾಲಿನ ಡೈರಿಯಲ್ಲಿ ನಿಂತಿದ್ದಾಗ, ಕೆಂಚಾರ್ಲಹಳ್ಳಿ ಕಡೆಯಿಂದ ಬಂದು ನೆಲೆಸಿರುವ ಡೈರಿಯವರು, "ಪೋಯಿನ ವಾರಂದಿ ವಿನ್ನಾರಾ ಮೇಷ್ಟ್ರೇ? ಹಸು ಕಥೆ! ನಿಮ್ಮ ಶಿಷ್ಯನೇ ಅಲ್ವಾ, ನಮ್ಮ ನಯಾಜು!" ಎಂದು, ಹೋದ ವಾರದ್ದು ಕೇಳಿದಿರಾ ಎನ್ನುವುದನ್ನು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ನನ್ನ ಎದೆಗೆ ಗುದ್ದಿದರು. ನಯಾಜ್! ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವ ನಯಾಜ್. ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಸಮಾಜ ವಿಜ್ಞಾನದಲ್ಲಿ ಮೂವತ್ತಾರು ತೆಗೆದುಕೊಂಡವನು. ಆ ಮೂವತ್ತಾರರಲ್ಲಿ ಎರಡು ನಾನು ಕರುಣೆಯಿಂದ ಹಾಕಿದ್ದು. ನಾನು ಹಾಕಿದ ಆ ಎರಡು ಅಂಕಗಳು ಬೆಳೆದು ದೊಡ್ಡವಾಗಿ ನನ್ನ ಮನೆಗೇ ನುಗ್ಗಿದ್ದವು.

ಆವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ವನಜಾಕ್ಷಿ ರಾಗಿ ಮುದ್ದೆ ತಿರುವುವಾಗ ನಯಾಜ್. ಬಟ್ಟೆ ಮಡಚುವಾಗ ನಯಾಜ್. ಊಟಕ್ಕೆ ಕೂತರೆ, "ಪಾಳೇಗಾರನಿಗೂ ಹಾಗಲಕಾಯಿ ಆಗ್ತಿರಲಿಲ್ಲವಂತೆ" ಎಂದು ಅವನ ಮಾತು. ನನಗೂ ಹಾಗಲಕಾಯಿ ಆಗುವುದಿಲ್ಲ ಎನ್ನುವುದು ಅವಳಿಗೆ ಇಷ್ಟು ವರ್ಷದಲ್ಲಿ ಇಷ್ಟೊಂದು ಸ್ವಾರಸ್ಯವಾಗಿ ಕಂಡಿರಲಿಲ್ಲ. ನಾನೂ ಕದ್ದು ಎಲ್ಲಾ ಕಂತುಗಳನ್ನು ಕೇಳಿದೆ, ತಪ್ಪು ಹುಡುಕಲಿಕ್ಕೆ. ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದೆ. ಮೂರನೇ ಕಂತಿನ ಹೊತ್ತಿಗೆ ಪೆನ್ನು ಕೈಯಲ್ಲೇ ಉಳಿದು, ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಅವನು ತಪ್ಪು ಹೇಳಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಅನ್ನುತ್ತಾರಲ್ಲ, ನಾನೂ ಒಂದು ಪಾಡ್‌ಕಾಸ್ಟ್ ಮಾಡುವುದೆಂದು ತೀರ್ಮಾನಿಸಿದೆ. ವನಜಾಕ್ಷಿ ಒಂದೇ ಒಂದು ಸಲ ನನ್ನ ಮಾತಿಗೆ ಹಾಗೆ ಕಾಳು ಹಾರಿಸಿ ನಗಬೇಕು, ಅಷ್ಟೇ ನನ್ನ ಆಸೆ. ಆದರೆ ನಮ್ಮ ಬೀದಿಯಲ್ಲಿ ಮಾತು ದಾಖಲಿಸುವುದು ಸುಲಭವಲ್ಲ. ಕಾರಣಗಳು ಮುಗಿಯುವಷ್ಟರಲ್ಲಿ ಟೊಮೇಟೊ ತುಂಬಿದ ಟೆಂಪೊ ಹೋಗುತ್ತದೆ, ಘಟನೆಗಳಿಗೆ ಪಕ್ಕದ ಮನೆಯ ಮಿಕ್ಸಿ, ಪರಿಣಾಮಗಳಿಗೆ ಸೊಪ್ಪಿನವಳು. ಇದನ್ನು ವನಜಾಕ್ಷಿಯ ತಮ್ಮ ಮುನಿರಾಜುವಿನ ಹತ್ತಿರ ಹೇಳಿಕೊಂಡೆ. ಅವನು ಸಾದಲಿಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. "ಅದಕ್ಯಾಕೆ ಯೋಚ್ನೆ ಭಾವ? ನಮ್ಮ ಹುಳದ ಮನೆಗೆ ಬನ್ನಿ. ಅಲ್ಲಿ ಒಂದು ನರಪಿಳ್ಳೆ ಮಾತಾಡಲ್ಲ. ಕಾಲು ತೊಳ್ಕೊಂಡು ಒಳಗೆ ಹೋಗಿ, ಸೆಂಟು ಗಿಂಟು ಹಾಕ್ಕೊಂಡು ಬರಬೇಡಿ, ಅಷ್ಟೇ" ಎಂದ. ಹೋದೆ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಕೂತರೆ ಎಂಥ ಪ್ರಶಾಂತತೆ! ತಟ್ಟೆ ತಟ್ಟೆಗಳಲ್ಲಿ ಹುಳುಗಳು ತಮ್ಮ ಪಾಡಿಗೆ ತಾವು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಒಂದೂ ಆಕಳಿಸಲಿಲ್ಲ, ಒಂದೂ ನೀರು ಕುಡಿಯಲು ರಜೆ ಕೇಳಲಿಲ್ಲ. ನಾನು ಮುಕ್ಕಾಲು ಗಂಟೆ ನಿರರ್ಗಳವಾಗಿ ಮಾತಾಡಿ, ಅಲ್ಲೇ ಕೂತು ಅದನ್ನು ಜಗತ್ತಿಗೆ ಬಿಟ್ಟೆ.

ಮೂರು ದಿನ ಯಾರೂ ಉಸಿರೆತ್ತಲಿಲ್ಲ. ನಾಲ್ಕನೇ ದಿನ ಯಾರೋ ಒಬ್ಬರು ಬರೆದರು: 'ಸಾರ್, ಹಿಂದೆ ಮಳೆ ಎಫೆಕ್ಟ್ ಸೂಪರ್. ಮಾತು ಸ್ವಲ್ಪ ಕಡಿಮೆ ಮಾಡಿದ್ರೆ ನಿದ್ದೆಗೆ ತುಂಬಾ ಒಳ್ಳೇದು.' ಯಾವ ಮಳೆ? ಗಾಬರಿಯಿಂದ ಹಾಕಿ ಕೇಳಿದೆ. ನನ್ನ ಮಾತಿನ ಉದ್ದಕ್ಕೂ ಸುರಿಮಳೆ. ವನಜಾಕ್ಷಿ ಅಡುಗೆಮನೆಯಿಂದಲೇ ಕಿವಿ ನಿಮಿರಿಸಿ, "ಅಯ್ಯೋ, ಅದು ಮಳೆ ಅಲ್ಲ ಕಣ್ರಿ! ನಾಕನೇ ಜ್ವರ ಎದ್ದ ಹುಳ ಸೊಪ್ಪು ತಿಂತಾ ಇರೋದು!" ಎಂದು ಕೂಗಿದಳು. ಹುಳು ಪೊರೆ ಬಿಡಲು ತಿನ್ನದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಮೇಲೆ ಅವು ತಿನ್ನುವ ಸದ್ದು ಹಂಚಿನ ಮೇಲೆ ಹನಿ ಬಿದ್ದಂತೆ ಮನೆಯೆಲ್ಲ ತುಂಬುತ್ತದೆ. ಮಾವನ ಮನೆಯಲ್ಲಿ ವರ್ಷಗಟ್ಟಲೆ ಅದೇ ಸದ್ದಿನಲ್ಲಿ ಉಂಡು ಮಲಗಿದ ನನ್ನ ಕಿವಿಗೆ ಅದು ನಿಶ್ಶಬ್ದವೆಂದೇ ರೂಢಿಯಾಗಿತ್ತು. ವನಜಾಕ್ಷಿ ನಕ್ಕಳು. ಕಾಳು ಹಾರುವಷ್ಟೇ ನಕ್ಕಳು. ಆದರೆ ನಾನು ಕೇಳಿಕೊಂಡಿದ್ದ ನಗು ಇದಲ್ಲ.

ಮರುವಾರ ನಯಾಜನೇ ಮನೆಗೆ ಬಂದ. "ನಮಸ್ಕಾರ ಸಾರ್, ನಮಸ್ಕಾರ ಅಮ್ಮಾ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದವನನ್ನು ವನಜಾಕ್ಷಿ, "ಬಾಪ್ಪ ನಯಾಜು, ಕೂತ್ಕೋಪ್ಪ" ಎಂದು ನನ್ನ ಕುರ್ಚಿಯಲ್ಲೇ ಕೂರಿಸಿ, ಮೊದಲ ಕಾಫಿ ಅವನಿಗೆ ಕೊಟ್ಟಳು. ಮೊದಲ ಡಿಕಾಕ್ಷನ್ನಿನ ಕಾಫಿ ಈ ಮನೆಯಲ್ಲಿ ಇಲ್ಲಿಯವರೆಗೆ ನನ್ನದಾಗಿತ್ತು. ಅವನು, "ಸಾರ್, ನಿಮ್ಮ ಕಂತು ಕೇಳ್ದೆ. ಹುಳ ಚೆನ್ನಾಗಿ ತಿಂತಾ ಇದೆ, ಗೂಡು ಒಳ್ಳೇ ಗಟ್ಟಿ ಬರುತ್ತೆ ಅಂತ ಮುನಿರಾಜಣ್ಣಂಗೆ ಹೇಳಿ" ಎಂದ. ಹಾಸ್ಯ ಮಾಡುತ್ತಿಲ್ಲ, ನಿಜವಾಗಿಯೇ ಹೇಳುತ್ತಿದ್ದ. ಆಮೇಲೆ, "ತಿನ್ನೋ ಹುಳದ ಹತ್ರ ಕೂರಬಾರ್ದು ಸಾರ್, ಕಟ್ಟಿ ಮುಗಿಸಿದ ಗೂಡಿನ ಹತ್ರ ಕೂರಬೇಕು. ನಮ್ಮ ಗೂಡಿನ ಕೋಣೇಲಿ ಮೂಟೆಗಳ ಮಧ್ಯೆ ಕೂತ್ರೆ ಸದ್ದೆಲ್ಲ ಹೀರ್ಕೊಂಡ್ಬಿಡುತ್ತೆ. ನೀವು ನನ್ನ ಮುಂದಿನ ಕಂತಿಗೆ ಬರಲೇಬೇಕು. ನಾನು ಕಥೆ ಹೇಳೋದು ಕಲ್ತಿದ್ದೇ ನಿಮ್ಮಿಂದ" ಎಂದ. ನನ್ನ ಬೆನ್ನು ನೆಟ್ಟಗಾಯಿತು. ವನಜಾಕ್ಷಿಗೆ ಚೆನ್ನಾಗಿ ಕೇಳಿಸಲಿ ಎಂದು, "ಹೇಗಪ್ಪ?" ಎಂದು ಜೋರಾಗಿ ಕೇಳಿದೆ. "ನಿಮ್ಮ ಪಾಠ ಮುಗಿದ ಮೇಲೆ ಹುಡುಗ್ರೆಲ್ಲ ನನ್ನ ಸುತ್ತ ಬರೋರು ಸಾರ್, ಮೇಷ್ಟ್ರು ಏನ್ ಹೇಳಿದ್ರೋ ಅಂತ. ಪಾಠದಲ್ಲಿ ಎಲ್ಲಾ ನಿದ್ದೆ ಹೋಗಿರೋರು, ಅದಕ್ಕೆ. ನಾನು ಕಥೆ ಮಾಡಿ ಹೇಳ್ತಿದ್ದೆ. ಅದೇ ಅಭ್ಯಾಸ ಆಗೋಯ್ತು." ಅವನ ಕಣ್ಣಲ್ಲಿ ನಿಜವಾದ ಕೃತಜ್ಞತೆ ಇತ್ತು. ಅದನ್ನು ತೆಗೆದುಕೊಂಡು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಆದರೂ ಹೋದೆ. ಸ್ವಾಭಿಮಾನ ಬೇಡವೆಂದಿತು, ಹೊಟ್ಟೆಕಿಚ್ಚು ನಡೆ ಎಂದಿತು. ಗೂಡಿನ ಮೂಟೆಗಳ ನಡುವೆ, ಮೂಗು ಕಟ್ಟುವ ವಾಸನೆಯಲ್ಲಿ, ಹನ್ನೆರಡು ಪುಟಗಳ ಟಿಪ್ಪಣಿ ಹಿಡಿದು ಕೂತೆ. ನಯಾಜ್ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ಮೂಟೆಯ ಮೇಲಿಟ್ಟು, "ಅದಿರ್ಲಿ ಸಾರ್. ನೀವು ಕೈಯಲ್ಲಿ ಮುಟ್ಟಿದ ಮೊದಲನೇ ಶಾಸನ ಯಾವ್ದು?" ಎಂದ. ನನಗೆ ನಗರಗೆರೆಯ ಪಾಪಮ್ಮ ನೆನಪಾದಳು. ನಾನು ಬಾಡಿಗೆಗಿದ್ದ ಕೋಣೆಯ ಒಡತಿ. ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಅಂಚಿನಲ್ಲಿ ನಾಲ್ಕು ಹಳೆಯ ಅಕ್ಷರ ಕಂಡು, ಒಗೆಯಬೇಡಿ ಎಂದು ಕೈಮುಗಿದೆ. "ಈ ರಾಯಿ ಮೀ ತಾತದಾ ಅಯ್ಯವಾರೂ?" ನಿಮ್ಮ ತಾತನದೇನ್ರೀ ಈ ಕಲ್ಲು ಎಂದು ಅವಳು ಕೇಳಿದಳು. ಎತ್ತಿನ ಗಾಡಿಯಲ್ಲಿ ಬೇರೆ ಕಲ್ಲು ತರಿಸಿಕೊಟ್ಟೆ. ಹೊಸ ಕಲ್ಲು ಪಳಗಿಲ್ಲ, ಸೀರೆ ಹರಿಯುತ್ತದೆ ಎಂದಳು. ಹಾಗಾದರೆ ನಾನೇ ಪಳಗಿಸಿಕೊಡುತ್ತೇನೆ ಎಂದು ಒಂದು ತಿಂಗಳು ಅವಳ ಮನೆಯ ಬಟ್ಟೆಯೆಲ್ಲ ನಾನೇ ಒಗೆದೆ. ಪಾಪಮ್ಮನ ಸೀರೆಯನ್ನು ತಲೆಯ ಮೇಲೆತ್ತಿ ಬಡಿಯುತ್ತಿದ್ದಾಗಲೇ ನಮ್ಮ ಹೆಡ್‌ಮಾಸ್ಟರು ಬೇಲಿಯಾಚೆ ಬಂದು ನಿಂತರು. ಕೊನೆಗೆ ಹಳೆಯ ಕಲ್ಲನ್ನು ನಾಲ್ಕು ಜನ ಸೇರಿ ಮಗುಚಿದರೆ, ಶಾಸನವೆಲ್ಲ ಮಣ್ಣಿನೊಳಗಿನ ಮಗ್ಗುಲಲ್ಲಿತ್ತು, ನಿನ್ನೆ ಕೊರೆದಷ್ಟು ಹೊಸತಾಗಿ. ಪಾಪಮ್ಮ ಅಷ್ಟು ವರ್ಷ ಬಡಿದದ್ದು ಅದರ ಬೆನ್ನಿಗೆ. ನಾನು ಅದನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಕಾಪಾಡಿದೆ. ಮಕ್ಕಳು ಹತ್ತಿ ಜಾರಿ ಜಾರಿ ಎರಡೇ ವರ್ಷದಲ್ಲಿ ಅರ್ಧ ಅಕ್ಷರ ಸವೆಸಿದರು. ಇಷ್ಟು ಹೇಳಿ ಮುಗಿಸಿದಾಗ ನಯಾಜ್ ಮೂಟೆಗೆ ಒರಗಿ ನಗುತ್ತಿದ್ದ. ಕಾರಣ, ಪರಿಣಾಮ ಯಾವುದೂ ನನಗೆ ನೆನಪಾಗಿರಲಿಲ್ಲ.

ಆ ಕಂತು ಬಂದ ದಿನ ನಾನು ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಕೂತೆ. ವನಜಾಕ್ಷಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಎತ್ತಿನ ಗಾಡಿ ಬರುವಾಗ ಕೈ ನಿಧಾನವಾಯಿತು. ಸೀರೆ ಬಡಿಯುವಾಗ ಪೂರ್ತಿ ನಿಂತಿತು. ಹೆಡ್‌ಮಾಸ್ಟರು ಬೇಲಿಯ ಹತ್ತಿರ ಬಂದರು ನೋಡಿ, ಅವಳು ಸೊಪ್ಪಿನ ಕಟ್ಟನ್ನು ಎದೆಗೆ ಒತ್ತಿಕೊಂಡು ಬಿದ್ದು ಬಿದ್ದು ನಕ್ಕಳು. ನನ್ನ ಮಾತಿಗೆ! ಮದುವೆಯಾದಾಗಿನಿಂದ ಕಾದಿದ್ದ ನಗು. "ರೀ, ಇದನ್ನ ನಂಗೆ ಒಂದಿನಾನೂ ಹೇಳೇ ಇಲ್ವಲ್ರೀ ನೀವು!" ಎಂದಳು. ನನಗೆ ತಡೆಯಲಾಗಲಿಲ್ಲ. ಪೇಪರು ಎಸೆದು ಪಕ್ಕದಲ್ಲಿ ಹೋಗಿ ಕೂತು, "ಹೇಳ್ತೀನಿ ಕೇಳೇ ವನಜಾ, ಆಮೇಲೆ ಆ ಕಲ್ಲನ್ನ ಮಗುಚಿದಾಗ ಏನಾಯ್ತು ಅಂದ್ರೆ..." ಎಂದು ಶುರು ಮಾಡಿದೆ.

ಅವಳು ಕಣ್ಣನ್ನು ಫೋನಿನಿಂದ ತೆಗೆಯದೆ, ಒದ್ದೆ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಶ್! ಸ್ವಲ್ಪ ಸುಮ್ನಿರ್ರೀ, ನೀವು ಮಾತಾಡ್ತಾ ಇದ್ದೀರಿ."

ನಯಾಜನ ಮೇಲೆ ಈಗ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ಒಳ್ಳೆಯ ಹುಡುಗ. ಹಾಗೆ ನೋಡಿದರೆ ಅವನಿಗೆ ಮೂವತ್ತಾರಕ್ಕಿಂತ ಹೆಚ್ಚು ಕೊಡಬೇಕಿತ್ತು. ನನಗೆ ಆಗದಿರುವುದು ಉಪ್ಪಿನ ಡಬ್ಬಿಗೆ ಒರಗಿಕೊಂಡು ನನ್ನ ಹೆಂಡತಿಯನ್ನು ಮೂರನೇ ಸಲ ನಗಿಸುತ್ತಿರುವ ಆ ಮೇಷ್ಟ್ರು.